ಐದು ಪೆಟಾಬೈಟ್ ಅಂದರೆ ಎಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ.

‘ಕನ್ನಡ’ ಅನ್ನುವ ಪದ ನೋಡಿ. ನಮಗೆ ಕಾಣುವುದು ಮೂರೇ ಅಕ್ಷರ. ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡಲು ಮೊಬೈಲು, ಕಂಪ್ಯೂಟರುಗಳು ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಲೆಕ್ಕದಲ್ಲಿ ಅದಕ್ಕೆ 15 ಬೈಟ್ ಬೇಕು. ‘ಕ’ಗೆ 3, ‘ಡ’ಗೆ 3. ಒತ್ತಕ್ಷರದ ‘ನ್ನ’ ಒಂದಕ್ಕೇ 9!

ಕಂಪ್ಯೂಟರಿನ ಮಾಹಿತಿ ಅಳೆಯಲು ಈ ಬೈಟೇ ನಮ್ಮ ಅಳತೆಯ ಕಾಳು. ಸಾವಿರ ಬೈಟ್ ಸೇರಿದರೆ ಕಿಲೋಬೈಟ್. ಆಮೇಲೆ ಮೆಗಾ, ಗಿಗಾ, ಟೆರಾ, ಪೆಟಾ, ಎಕ್ಸಾ, ಜೆಟ್ಟಾ, ಯೊಟ್ಟಾ. 2022ರಲ್ಲಿ ರೊನ್ನಾ, ಕ್ವೆಟ್ಟಾ ಕೂಡ ಸೇರಿದವು. ಪ್ರತಿ ಮೆಟ್ಟಿಲಿಗೂ ಸಾವಿರ ಪಟ್ಟು. ಸಾವಿರದ ಬದಲು 1024 ಪಟ್ಟು ಹಿಡಿಯುವ ಲೆಕ್ಕವೂ ಒಂದಿದೆ. ಒಂದು ಟೆರಾಬೈಟ್ ಡಿಸ್ಕನ್ನು ವಿಂಡೋಸ್ 931 ಜಿಬಿ ಅಂತ ತೋರಿಸುವುದು ಅದಕ್ಕೇ. ಅಂಗಡಿಯವರ ಮೋಸ ಅಲ್ಲ.

ಹೆಸರು ಬಾಯಿಪಾಠ ಆಗುತ್ತದೆ. ಆ ಸಾವಿರ ಪಟ್ಟು ಮನಸ್ಸಿಗೆ ಇಳಿಯುವುದೇ ಕಷ್ಟ. ಸೆಕೆಂಡಿಗೆ ಒಂದು ಬೈಟ್ ಎಣಿಸುತ್ತಾ ಕೂತೆವು ಅಂದುಕೊಳ್ಳಿ. ಮೆಗಾಬೈಟ್ ಹನ್ನೊಂದೂವರೆ ದಿನಕ್ಕೆ ಮುಗಿಯುತ್ತದೆ. ಗಿಗಾಬೈಟಿಗೆ ಹತ್ತಿರ ಹತ್ತಿರ 32 ವರ್ಷ, ಅರ್ಧ ಆಯಸ್ಸು. ಟೆರಾಬೈಟ್ ಅಂದರೆ ಒಂದು ಲಕ್ಷ ಕೋಟಿ ಬೈಟ್. 31 ಸಾವಿರ ವರ್ಷಕ್ಕೂ ಜಾಸ್ತಿ. ಪೆಟಾಬೈಟಿಗೆ ಮೂರು ಕೋಟಿ ವರ್ಷ ದಾಟುತ್ತದೆ.

ಅಷ್ಟು ಮಾಹಿತಿ ಯಾರಿಗೆ ಬೇಕು ಅನ್ನಿಸುತ್ತದೆ, ಅಲ್ವಾ? ಬೇಕಾಗಿತ್ತು. ಬೆಳಕನ್ನೂ ಹೊರಬಿಡದ ಕಪ್ಪುಕುಳಿಯ ಚಿತ್ರ ತೆಗೆಯಲು 2017ರ ಏಪ್ರಿಲ್‌ನಲ್ಲಿ ಎಂಟು ರೇಡಿಯೊ ದೂರದರ್ಶಕಗಳು ಒಟ್ಟಾಗಿ ದುಡಿದವು. ಹವಾಯಿಯಲ್ಲಿ, ಚಿಲಿಯಲ್ಲಿ, ಸ್ಪೇನಿನಲ್ಲಿ, ದಕ್ಷಿಣ ಧ್ರುವದಲ್ಲೂ. ಕೂಡಿಬಿದ್ದದ್ದು ಸುಮಾರು 5 ಪೆಟಾಬೈಟ್. ಸೆಕೆಂಡಿಗೆ 100 ಮೆಗಾಬಿಟ್‌ನ (8 ಬಿಟ್ ಸೇರಿದರೆ ಒಂದು ಬೈಟ್) ಇಂಟರ್‌ನೆಟ್‌ನಲ್ಲಿ ಕಳಿಸಲು ಕೂತರೆ 12 ವರ್ಷ ಸಾಲದು. ಹಾಗಾಗಿ ಡಿಸ್ಕುಗಳನ್ನೇ ವಿಮಾನಕ್ಕೆ ಹೇರಿದರು. ಸುಮಾರು ಅರ್ಧ ಟನ್ ತೂಕದ ಡಿಸ್ಕುಗಳು! ಎಲ್ಲ ಮಾಹಿತಿಯನ್ನೂ ಒಂದುಗೂಡಿಸಲು ಅಮೆರಿಕದ ಮ್ಯಾಸಚೂಸೆಟ್ಸ್‌ಗೂ ಜರ್ಮನಿಯ ಬಾನ್‌ಗೂ ಅವು ಹೋದವು. ದಕ್ಷಿಣ ಧ್ರುವದ ಪಾಲು ಮಾತ್ರ ಅಲ್ಲೇ ಉಳಿಯಿತು. ಅಲ್ಲಿ ಚಳಿಗಾಲ, ವಿಮಾನ ಇಳಿಯುವ ಹಾಗಿಲ್ಲ. ವಿಜ್ಞಾನಿಗಳು ಡಿಸೆಂಬರ್‌ವರೆಗೆ ಕಾದರು. ಆ ಕಾಯುವಿಕೆ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

2019ರ ಏಪ್ರಿಲ್ 10ರಂದು ಚಿತ್ರ ಹೊರಬಂತು. ಕತ್ತಲ ಸುತ್ತ ಕಿತ್ತಳೆ ಬಣ್ಣದ ಬಳೆ. ಅದು ಎಂ87 ಗೆಲಾಕ್ಸಿಯ ಕಪ್ಪುಕುಳಿ. ಅಲ್ಲಿಂದ ಹೊರಟ ರೇಡಿಯೊ ಅಲೆ ನಮ್ಮನ್ನು ಮುಟ್ಟಲು ಸುಮಾರು ಐದೂವರೆ ಕೋಟಿ ವರ್ಷ ಬೇಕಾಯಿತು. ಆ 5 ಪೆಟಾಬೈಟನ್ನು ಸೆಕೆಂಡಿಗೊಂದರಂತೆ ಎಣಿಸಲು ಕೂತರೆ? 15 ಕೋಟಿ ವರ್ಷಕ್ಕೂ ಜಾಸ್ತಿ.

ನಮಸ್ಕಾರ.