ಅಣ್ಣೆ ಸೊಪ್ಪು ಸಿಗುವ ಸಂತೆ

ಬೆಳಿಗ್ಗೆ ಆರೂಮುಕ್ಕಾಲು. ಮೈಸೂರು ಇನ್ನೂ ಪೂರ್ತಿ ಎದ್ದಿಲ್ಲ. ಕೈಯಲ್ಲಿ ಎರಡು ಬಟ್ಟೆ ಚೀಲ, ಪರ್ಸಲ್ಲಿ ಚಿಲ್ಲರೆ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಪಾರ್ಕ್ ಪಕ್ಕ ಭಾನುವಾರದ ರೈತ ಸಂತೆ ಸೇರುತ್ತದೆ. ತುಂಬ ಚಿಕ್ಕದು, ಹತ್ತು ಹನ್ನೆರಡು ಜನ ರೈತರು ಬಂದರೆ ಹೆಚ್ಚು. ಎಂಟೂವರೆಗೆಲ್ಲ ಖಾಲಿ. ಅದಕ್ಕೇ ಈ ಆತುರ.

ಸಿಟಿಯಲ್ಲಿ ಸಾವಯವ ತರಕಾರಿ ಎಲ್ಲಿ ಸಿಗುತ್ತೆ ಅಂತ ತುಂಬ ಜನ ಕೇಳುತ್ತೀರಿ. ಅದನ್ನೇ ಹುಡುಕಿಕೊಂಡು ನಾನೂ ವರ್ಷಗಟ್ಟಲೆ ಅಲೆದಿದ್ದೇನೆ. ಮೊದಲು ಅಂಗಡಿಗಳಿಗೇ ಹೋಗುತ್ತಿದ್ದೆ. ಒಂದು ಸಲ ದೊಡ್ಡದಾಗಿ ‘ಆರ್ಗ್ಯಾನಿಕ್’ ಅಂತ ಬರೆದಿದ್ದ ತೊಗರಿಬೇಳೆ ಪ್ಯಾಕೆಟ್ ತಂದೆ. ಜಾಸ್ತಿ ದುಡ್ಡನ್ನೇ ಕೊಟ್ಟಿದ್ದೆ. ಮನೆಗೆ ಬಂದು ಹಿಂದೆ ಮುಂದೆ ತಿರುಗಿಸಿ ನೋಡಿದರೆ ಪ್ರಮಾಣಪತ್ರದ ಗುರುತು ಒಂದೂ ಇಲ್ಲ. ತುಂಬ ಬೇಜಾರಾಯಿತು.

ಪ್ಯಾಕೆಟ್ ತಗೊಳ್ಳುವಾಗ ಹೆಸರು ನೋಡಬೇಡಿ, ಗುರುತು ನೋಡಿ. ‘ಜೈವಿಕ್ ಭಾರತ್’ ಅನ್ನುವ ಹಸಿರು ಸರ್ಕಾರಿ ಗುರುತು ಇದೆಯಾ ನೋಡಿ. ಜೊತೆಗೆ ‘ಇಂಡಿಯಾ ಆರ್ಗ್ಯಾನಿಕ್’ ಅಥವಾ ‘ಪಿಜಿಎಸ್’ ಗುರುತೂ ಇರಬಹುದು. ಪಿಜಿಎಸ್ ಅಂದರೆ ರೈತರೇ ಸೇರಿ ಒಬ್ಬರಿಗೊಬ್ಬರು ಖಾತರಿ ಕೊಡುವ ಪದ್ಧತಿ, ಇದು ನನಗೆ ತುಂಬ ಇಷ್ಟ. ಅಕ್ಕಪಕ್ಕದ ಕನಿಷ್ಠ 5 ಜನ ರೈತರು ಸೇರಿ ಒಂದು ಗುಂಪು ಮಾಡಿಕೊಳ್ಳುತ್ತಾರೆ. ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡುತ್ತಾರೆ. ಪಕ್ಕದ ಹೊಲದವರಿಗೆ ಗೊತ್ತಾಗದ ಹಾಗೆ ಗೊಬ್ಬರ, ಔಷಧಿ ಹಾಕೋದು ಸುಲಭ ಅಲ್ಲ, ಅಲ್ವಾ? ಅದರಲ್ಲೇ ‘ಪಿಜಿಎಸ್ ಗ್ರೀನ್’ ಅಂತ ಇದ್ದರೆ ಹೊಲ ಇನ್ನೂ ಸಾವಯವಕ್ಕೆ ಹೊರಳುತ್ತಿದೆ ಅಂತ ಅರ್ಥ. ಅಂಥವರಿಂದಲೂ ನಾನು ಕೊಳ್ಳುತ್ತೇನೆ. ಹೊರಳುವ ಆ ವರ್ಷಗಳಲ್ಲೇ ಇಳುವರಿ ಕಡಿಮೆಯಾಗಿ ರೈತರಿಗೆ ಕಷ್ಟ ಜಾಸ್ತಿ.

ಇನ್ನು ಸಂತೆ ವಿಷಯ. ಸಣ್ಣ ರೈತರು ತಾವೇ ಬೆಳೆದದ್ದನ್ನು ನೇರವಾಗಿ ನಮ್ಮ ಕೈಗೆ ಮಾರಿದರೆ ಪ್ರಮಾಣಪತ್ರ ಬೇಕೇಬೇಕು ಅಂತ ಇಲ್ಲ. ಸಾವಯವ ಆಹಾರದ ಬಗ್ಗೆ ಕೇಂದ್ರ ಮಾಡಿದ 2017ರ ನಿಯಮದಲ್ಲೇ ಆ ವಿನಾಯಿತಿ ಇದೆ. ಹಾಗಾದರೆ ನಂಬೋದು ಹೇಗೆ?

ಇಲ್ಲಿ ನೋಡಿ, ಈ ಅಕ್ಕನ ಗೋಣಿಚೀಲ. ಟೊಮೆಟೊ ಇಲ್ಲ, ಕೋಸು ಇಲ್ಲ. ಬರೀ ಬೆರಕೆ ಸೊಪ್ಪು. ತುದಿಯಲ್ಲಿ ನಸುಗೆಂಪು ತೆನೆ ಇರುವುದು ಅಣ್ಣೆ ಸೊಪ್ಪು. ನೀಲಿ ಹೂವಿನದು ಕನ್ನೆ ಸೊಪ್ಪು. ಇದು ಗಣಿಕೆ, ಇದು ದಗ್ಗಲ ಸೊಪ್ಪು. ಇದನ್ನೆಲ್ಲ ಯಾರೂ ಬಿತ್ತಿದ್ದಲ್ಲ. ರಾಗಿ ಹೊಲದಲ್ಲಿ, ಬದುವಿನಲ್ಲಿ ತಾನಾಗಿ ಹುಟ್ಟುವ ಕಳೆ. ಬೇರಿಗೆ ಕೆಂಪು ಮಣ್ಣು ಇನ್ನೂ ಹಸಿಯಾಗೇ ಅಂಟಿಕೊಂಡಿದೆ. ಎಲೆ ತುಂಬ ಸಣ್ಣ ಸಣ್ಣ ತೂತು. ಒಂದು ಎಲೆ ಮಡಿಲಲ್ಲಿ ಪುಟ್ಟ ಹಸಿರು ಹುಳ, ಬೆರಳು ತಾಗಿದ ಕೂಡಲೇ ಸುರುಳಿ ಸುತ್ತಿಕೊಂಡಿತು.

ಮೊದಲ ಸಲ ಬಂದಾಗ ನಾನು ಕೇಳಿದ್ದೆ, “ಅಕ್ಕಾ, ಇದಕ್ಕೆ ಔಷಧಿ ಏನಾದ್ರೂ ಹೊಡೆದಿದ್ದೀರಾ?” ಅಂತ. ಅವರು ಕಟ್ಟು ಕಟ್ಟುತ್ತಲೇ ಹೇಳಿದರು: “ಕಳೆ ಔಷಧಿ ಹೊಡುದ್ರೆ ಅಣ್ಣೆ ಸೊಪ್ಪು ಎಲ್ಲಿಂದ ಬತ್ತದೆ ಕಣವ್ವಾ?”

ಅವತ್ತಿನಿಂದ ಸಂತೆಗೆ ಬಂದರೆ ನಾನು ಮೊದಲು ಹುಡುಕೋದು ಬೆರಕೆ ಸೊಪ್ಪನ್ನೇ. ಕಳೆನಾಶಕ ಬಿದ್ದ ಹೊಲದಲ್ಲಿ ಇಷ್ಟು ಬಗೆ ಸೊಪ್ಪು ಒಟ್ಟಿಗೆ ಸಿಗಲ್ಲ. ಸೊಪ್ಪು ತಂದವರ ಹತ್ತಿರವೇ ಅವರೆಕಾಯಿ, ಅಲಸಂದೆ ಇದ್ದರೆ ಅದನ್ನೂ ಕೊಳ್ಳುತ್ತೇನೆ. ಯಾವ ಊರು, ಏನು ಬಿತ್ತಿದ್ದೀರಿ, ಮಳೆ ಹೇಗಿದೆ ಅಂತ ಮಾತಾಡಿಸುತ್ತೇನೆ. ತಾವೇ ಬೆಳೆದವರು ಬೀಜದಿಂದ ಶುರುಮಾಡಿ ಎಲ್ಲ ಹೇಳುತ್ತಾರೆ. ಎಲ್ಲಿಂದಲೋ ತಂದು ಮಾರುವವರ ಮಾತು ಬೆಲೆ ಹತ್ತಿರವೇ ನಿಂತುಬಿಡುತ್ತದೆ.

ನಮ್ಮ ಏರಿಯಾದಲ್ಲಿ ಇಂಥ ಸಂತೆ ಇಲ್ಲ ಅನ್ನುವವರಿಗೆ ಒಂದು ದಾರಿ ಹೇಳುತ್ತೇನೆ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ‘ಸಹಜ ಸಮೃದ್ಧ’ ಅನ್ನುವ ಸಾವಯವ ಕೃಷಿ ಬಳಗದವರು ಮಾಡುವ ಮೇಳಗಳಿಗೆ ಬನ್ನಿ. ಗೆಡ್ಡೆ ಗೆಣಸು ಮೇಳಕ್ಕೆ ದೂರದ ಉತ್ತರ ಕನ್ನಡದ ಜೋಯಿಡಾದಿಂದ ಕುಣಬಿ ಸಮುದಾಯದ ರೈತರು ಬರುತ್ತಾರೆ. ರಾಜಮುಡಿ, ರತ್ನಚೂಡಿಯಂಥ ನಾಟಿ ತಳಿ ಅಕ್ಕಿ ಬೆಳೆಯುವವರೂ ಇಂಥ ಮೇಳಗಳಲ್ಲೇ ಸಿಗುತ್ತಾರೆ. ಸುಮ್ನೆ ನೋಡಿಕೊಂಡು ವಾಪಸ್ ಬರಬೇಡಿ, ಫೋನ್ ನಂಬರ್ ತಗೊಂಡು ಬನ್ನಿ. ನಮ್ಮ ಮನೆಗೆ ವರ್ಷದ ರಾಜಮುಡಿ ಹಾಗೇ ಬರುತ್ತಿದೆ. ನಾಲ್ಕು ಮನೆಯವರು ಸೇರಿ ಒಂದೇ ಸಲ ತರಿಸಿ ಹಂಚಿಕೊಳ್ಳುತ್ತೇವೆ. ಹಾಪ್‌ಕಾಮ್ಸ್ ಬಗ್ಗೆಯೂ ಕೇಳುತ್ತೀರಿ. ಅದು ಬೆಳೆಗಾರರ ಸಹಕಾರ ಸಂಘದ ಮಳಿಗೆ, ಆದರೆ ಅಲ್ಲಿರುವುದೆಲ್ಲ ಸಾವಯವ ಅಂತಲ್ಲ.

ಹೋದ ಆಷಾಢದ ಒಂದು ಭಾನುವಾರ ಮರೆಯೋಕೆ ಆಗಲ್ಲ. ರಾತ್ರಿಯಿಂದ ಜಿಟಿಜಿಟಿ ಮಳೆ. ಹೋಗೋದೋ ಬೇಡವೋ ಅಂದುಕೊಳ್ಳುತ್ತಲೇ ಏಳೂವರೆಗೆ ಹೋದೆ. ಮೂರೇ ಜನ ರೈತರು ಬಂದಿದ್ದರು. ಕೊಳ್ಳೋಕೆ ಬಂದವರು ನಾವು ಐದಾರು ಜನ. ಈ ಅಕ್ಕ ಪ್ಲಾಸ್ಟಿಕ್ ಹಾಳೆ ಹೊದ್ದು, ಸೊಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮೊದಲ ಬಸ್ಸಿಗೆ ಬಂದಿದ್ದರಂತೆ. ಅರ್ಧಕ್ಕರ್ಧ ಸೊಪ್ಪು ಹಾಗೇ ಉಳಿದಿತ್ತು. ಸೊಪ್ಪು ನಾಳೆಗೆ ಇಡೋ ಮಾಲಲ್ಲ. ಆ ದಿನ ಆರು ಕಟ್ಟು ತಂದು ಅಕ್ಕಪಕ್ಕದ ಮನೆಗೆಲ್ಲ ಕೊಟ್ಟೆ. ಅವರಿಗೆ ಬಸ್ ಚಾರ್ಜಾದರೂ ಹುಟ್ಟಿತೋ ಇಲ್ಲವೋ ಅಂತ ದಿನವಿಡೀ ಮನಸ್ಸಿಗೆ ಸಮಾಧಾನ ಇರಲಿಲ್ಲ. ಆಮೇಲಿಂದ ಮಳೆ ಬರಲಿ, ಮನೆಗೆ ನೆಂಟರು ಬರಲಿ, ನಾನು ಭಾನುವಾರ ತಪ್ಪಿಸಿಲ್ಲ.

ಈಗ ಮನೆಗೆ ಬಂದೆ. ಅಮ್ಮ ಮೊರದಲ್ಲಿ ಸೊಪ್ಪು ಹರವಿಕೊಂಡು ಬಿಡಿಸುತ್ತಿದ್ದಾರೆ. ಬಲಿತ ದಂಟು ಒಂದು ಕಡೆ, ಎಳೆ ಕುಡಿ ಒಂದು ಕಡೆ. ಮಣ್ಣು ಹೋಗಬೇಕಲ್ಲ, ಮೂರು ನೀರಲ್ಲಿ ತೊಳೆಯಬೇಕು. ಅಲಸಂದೆ ಕಾಳು ಆಗಲೇ ಒಲೆ ಮೇಲಿದೆ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬಸಿದ ಕಟ್ಟಿನಿಂದ ಸಾರು. ಉಳಿದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಪಲ್ಯ.

ಅಮ್ಮ ಒಂದು ಕುಡಿ ಎತ್ತಿ ಮೂಸಿ ನೋಡಿದರು. “ನಮ್ಮೂರ ಹೊಲದ ವಾಸನೇನೇ ಕಣೆ,” ಅಂದರು. ಮುದ್ದೆಗೆ ಎಸರಿಡೋಕೆ ಹೇಳಿದ್ದಾರೆ, ನಾನು ಹೊರಟೆ.