ದೇವರಿಗೆ ಕಾಲದ ಸಾಕ್ಷಿ ಬೇಕೇ?

ನಮಸ್ಕಾರ. "ಅನಾದಿ ಕಾಲದಿಂದಲೂ ಹೀಗೇ ನಡೆದು ಬಂದಿದೆ" ಎನ್ನುತ್ತೇವೆ. ಬಹಳ ಹಿಂದಿನಿಂದ ಎನ್ನುವಷ್ಟೇ ನಮ್ಮ ಉದ್ದೇಶ. ಆದರೆ ಆ ಪದದ ಹೊಟ್ಟೆಯಲ್ಲಿ ಒಂದು ತೀರ್ಪೇ ಕುಳಿತಿದೆ: ಕಾಲಕ್ಕೆ ಆದಿ ಇಲ್ಲ. ಅದು ನಿಜವೇ?

ಈ ಪ್ರಶ್ನೆ ಎದ್ದ ಕೂಡಲೇ ಎರಡು ಬಣಗಳು ತೋಳೇರಿಸುತ್ತವೆ. ಕಾಲ ಶುರುವಾಗಿದ್ದರೆ ಶುರು ಮಾಡಿದವನೊಬ್ಬ ಇರಲೇಬೇಕು ಎಂದು ಆಸ್ತಿಕರು. ಶುರುವೇ ಆಗಿಲ್ಲದಿದ್ದರೆ ನಿಮ್ಮ ದೇವರಿಗೇನು ಕೆಲಸ ಎಂದು ನಾಸ್ತಿಕರು. ಇಬ್ಬರೂ ತಪ್ಪು ಅಖಾಡಕ್ಕೆ ಇಳಿದಿದ್ದಾರೆ ಎಂಬುದು ನನ್ನ ಅನಿಸಿಕೆ.

ಇದನ್ನು ಚೆನ್ನಾಗಿ ಅರಿತಿದ್ದವರು ಜಾರ್ಜ್ ಲೆಮೈತ್ರ್. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ಜೊತೆಗೆ ಭೌತವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು. ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋದರೆ ಎಲ್ಲವೂ ಒಂದು ಆದಿ ಪರಮಾಣುವಿಗೆ ಹೋಗಿ ಮುಟ್ಟುತ್ತದೆ ಎಂದು 1931ರಲ್ಲಿ ಸೂಚಿಸಿದರು. ದೇವರನ್ನು ನಂಬದ ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರಿಗೆ ಇದರಲ್ಲಿ ಸೃಷ್ಟಿಕಥೆಯ ವಾಸನೆ ಬಡಿಯಿತು. ಅದನ್ನು 'ಬಿಗ್ ಬ್ಯಾಂಗ್' ಎಂದು 1949ರ ರೇಡಿಯೊ ಭಾಷಣದಲ್ಲಿ ಮೊದಲು ಕರೆದವರು ಅವರೇ. ಒಪ್ಪದವರು ಇಟ್ಟ ಹೆಸರೇ ಕಾಯಂ ಆಯಿತು!

1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ವಿಜ್ಞಾನದಲ್ಲಿ ಸೃಷ್ಟಿಕರ್ತನ ಗುರುತು ಕಂಡು ಹಿಗ್ಗಿದರು. ಪಾದ್ರಿಯಾದ ಲೆಮೈತ್ರ್ ಹಿಗ್ಗಬೇಕಿತ್ತಲ್ಲವೇ? ಅವರಿಗೆ ಕಸಿವಿಸಿಯಾಯಿತು. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯ ಆಚೆಗಿದೆ ಎಂಬುದು ಅವರ ಖಚಿತ ನಿಲುವು. ನಾಳೆ ಲೆಕ್ಕ ತಪ್ಪಾದರೆ ದೇವರೂ ತಪ್ಪಾಗಬೇಕೇ?

ಲೆಕ್ಕ ತಪ್ಪಾಗಲಿಲ್ಲ, ಅದು ಬೇರೆ ಮಾತು. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆನ್ಜಿಯಸ್ ಮತ್ತು ವಿಲ್ಸನ್ ಎಂಬಿಬ್ಬರು ಕೊಂಬಿನಾಕಾರದ ದೊಡ್ಡ ಆಂಟೆನಾದಲ್ಲಿ ಒಂದು ಗೊರಗೊರ ಸದ್ದು ಹಿಡಿದರು. ಯಾವ ದಿಕ್ಕಿಗೆ ತಿರುಗಿಸಿದರೂ ಅದೇ ಸದ್ದು. ಒಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಹಕ್ಕಿಗಳನ್ನು ಓಡಿಸಿ, ಹಿಕ್ಕೆ ಬಳಿದು ತೆಗೆದದ್ದೂ ಆಯಿತು. ಸದ್ದು ಹೋಗಲಿಲ್ಲ. ಅದು 1380 ಕೋಟಿ ವರ್ಷಗಳ ಹಿಂದೆ ಅತಿ ಬಿಸಿಯಾಗಿದ್ದ ವಿಶ್ವದ ಕಾವಿನ ಉಳಿಕೆ. (ವಿಶ್ವದ ಬಾಲ್ಯವನ್ನು ಹಿಕ್ಕೆ ಬಳಿಯುತ್ತಾ ಕಂಡುಕೊಂಡದ್ದು ನನಗಂತೂ ಬಲು ಇಷ್ಟ.)

ಹಾಗಾದರೆ ಕಾಲ ಶುರುವಾದದ್ದು ಸಾಬೀತಾಯಿತೇ? ಇಲ್ಲ. ವಿಶ್ವ ಒಮ್ಮೆ ಅತಿ ಬಿಸಿಯಾಗಿ, ಅತಿ ದಟ್ಟವಾಗಿ ಇತ್ತು ಎಂಬುದಷ್ಟೇ ಗಟ್ಟಿ. ಅದಕ್ಕೂ ಹಿಂದೆ ಹೋದರೆ ಐನ್‌ಸ್ಟೈನ್ ಸಮೀಕರಣಗಳೇ ಕೈಚೆಲ್ಲುತ್ತವೆ. 'ಅದಕ್ಕೆ ಮೊದಲು' ಎಂಬ ಮಾತಿಗೇ ಅರ್ಥವಿಲ್ಲದಿರಬಹುದು, ದಕ್ಷಿಣ ಧ್ರುವಕ್ಕಿಂತ ದಕ್ಷಿಣಕ್ಕೆ ಏನಿದೆ ಎಂದು ಕೇಳಿದಂತೆ.

ಇನ್ನು ಧರ್ಮಗಳ ಕಡೆ ನೋಡಿ. ಜೈನರಿಗೆ ಜಗತ್ತು ಅನಾದಿ, ಸೃಷ್ಟಿಕರ್ತನೇ ಇಲ್ಲ. ಆದರೂ ಅವರ ವ್ರತ, ಉಪವಾಸ, ಅಹಿಂಸೆಗೆ ಎಳ್ಳಷ್ಟೂ ಕುಂದಿಲ್ಲ. ಲೋಕ ಶಾಶ್ವತವೇ ಎಂದು ಕೇಳಿದರೆ ಬುದ್ಧ ಉತ್ತರಿಸಲಿಲ್ಲ. ಜಗತ್ತಿಗೆ ಆರಂಭವಿತ್ತು ಎಂಬುದನ್ನು ತರ್ಕದಿಂದ ಸಾಧಿಸಲಾಗದು, ಅದನ್ನು ನಂಬಬೇಕಷ್ಟೆ ಎಂದು 13ನೇ ಶತಮಾನದಲ್ಲೇ ಕ್ರೈಸ್ತ ಧರ್ಮಚಿಂತಕ ಥಾಮಸ್ ಅಕ್ವಿನಾಸ್ ಒಪ್ಪಿಕೊಂಡಿದ್ದರು. ಋಗ್ವೇದದ ನಾಸದೀಯ ಸೂಕ್ತವಂತೂ ಇನ್ನೂ ಧೈರ್ಯದ್ದು: ಮೇಲಿನಿಂದ ನೋಡುತ್ತಿರುವವನಿಗೆ ಇದು ಗೊತ್ತಿರಬಹುದು, ಇಲ್ಲವೇ ಅವನಿಗೂ ಗೊತ್ತಿಲ್ಲದಿರಬಹುದು ಎನ್ನುತ್ತದೆ.

ದೇವರಿದ್ದಾನೆ ಎಂದು ನಂಬುವುದು ಬೇರೆ, ದೇವರನ್ನು ನಂಬುವುದು ಬೇರೆ. ಮೊದಲನೆಯದು ಒಂದು ಹೇಳಿಕೆ. ಅದಕ್ಕೆ ಪುರಾವೆ ಕೇಳಬಹುದು, ಕೇಳಲೇಬೇಕು. ಎರಡನೆಯದು ನೆಚ್ಚಿಕೊಳ್ಳುವುದು, ಮನೆಯ ಹಿರಿಯರನ್ನು ನೆಚ್ಚಿಕೊಂಡಂತೆ. ಆ ನೆಚ್ಚಿಕೆ ಕುರುಡಾಗಬಹುದು, ಮೋಸ ಹೋಗಬಹುದು, ಅದನ್ನು ಟೀಕಿಸಿ. ಆದರೆ ಟೆಲಿಸ್ಕೋಪು ಅದನ್ನು ಕೆಡವಲಾರದು, ಎತ್ತಿ ನಿಲ್ಲಿಸಲೂ ಆರದು.

1966ರಲ್ಲಿ ಲೆಮೈತ್ರ್ ತೀರಿಕೊಂಡರು. ಆಂಟೆನಾ ಸದ್ದಿನ ಸುದ್ದಿ ಅದಕ್ಕೆ ಸ್ವಲ್ಪ ಮೊದಲು ಅವರ ಕಿವಿಗೆ ಬಿದ್ದಿತ್ತು. ಮೂವತ್ತೈದು ವರ್ಷ ಕಾದ ವಿಜ್ಞಾನಿಗೆ ಅಂದು ಹಬ್ಬವಾಗಿರಬೇಕು. ಪಾದ್ರಿ ಮಾತ್ರ ಹಿಂದಿನ ಸಂಜೆ ಮಾಡಿದ ಪ್ರಾರ್ಥನೆಯನ್ನೇ ಅಂದೂ ಮಾಡಿದ್ದಾರು.