ಯಾರ ಮೇಲೆ ಯಾರು ಆಡ್ಬೇಕು ಅಂತ ಬಸ್ ಚಾರ್ಜ್ ಹೇಳ್ಬಾರ್ದು

ನಮಸ್ಕಾರ ಎಲ್ರಿಗೂ. ಇವತ್ತು ಒಂದು ಸ್ಕೋರ್‌ ಹೇಳಿ ಶುರು ಮಾಡ್ತೀನಿ, 70-38. ನೆನಪಲ್ಲಿ ಇಟ್ಕೊಳ್ಳಿ. 1972ನೇ ಇಸವಿ, ಅಮೆರಿಕದಲ್ಲಿ ಫಿಲಡೆಲ್ಫಿಯಾ ಪಕ್ಕದ ಎರಡು ಕಾಲೇಜು, ಒಂದರಿಂದ ಇನ್ನೊಂದಕ್ಕೆ ಕಾರಲ್ಲಿ ಅರ್ಧ ಗಂಟೆನೂ ಬೇಡ. ಹೆಣ್ಮಕ್ಕಳ ಬ್ಯಾಸ್ಕೆಟ್‌ಬಾಲ್ ರೀಜನಲ್ ಫೈನಲ್ ಅದು. ವೆಸ್ಟ್ ಚೆಸ್ಟರ್ 70, ಇಮ್ಯಾಕ್ಯುಲೇಟಾ 38. ಸೋತಿದ್ದು ಒಂದೆರಡು ಪಾಯಿಂಟಲ್ಲಿ ಅಲ್ಲ, 32 ಪಾಯಿಂಟಲ್ಲಿ. ಆ ಸೋತ ಟೀಮ್ ಕತೆ ಏನಾಯ್ತು ಅಂತ ಕೊನೇಲಿ ಹೇಳ್ತೀನಿ, ಯಾಕಂದ್ರೆ ಇವತ್ತು ನಾನು ವಾದ ಮಾಡಕ್ಕೆ ಹೊರಟಿರೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ನನ್ನ ಹತ್ರ ಇಲ್ಲ.

ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಅಂದ ತಕ್ಷಣ ನಮ್ಮೋರಿಗೆ ನೆನಪಾಗೋದು ಮಾರ್ಚ್ ತಿಂಗಳಲ್ಲಿ ಟಿವಿ ತುಂಬಾ ಬರೋ ಆ ದೊಡ್ಡ ಟೂರ್ನಮೆಂಟ್, ಅದು ಎನ್‌ಸಿಎಎ ಅನ್ನೋ ಕಾಲೇಜ್ ಕ್ರೀಡಾ ಸಂಸ್ಥೆಯ ಡಿವಿಷನ್ ಒನ್. ಅದರ ಕೆಳಗೆ ಒಂದು ಬೇರೆ ಪ್ರಪಂಚನೇ ಇದೆ. ಡಿವಿಷನ್ ಟೂ, ಡಿವಿಷನ್ ತ್ರೀ, ಆಮೇಲೆ ಎನ್ಎಐಎ ಅಂತ ಇನ್ನೊಂದು ಸಂಸ್ಥೆ. ಡಿವಿಷನ್ ತ್ರೀ ಒಂದರಲ್ಲೇ 400ಕ್ಕೂ ಹೆಚ್ಚು ಕಾಲೇಜು ಇವೆ, ಅಲ್ಲಿ ಆಟಕ್ಕೆ ಅಂತ ಒಂದು ರೂಪಾಯಿ ಸ್ಕಾಲರ್‌ಶಿಪ್ ಇಲ್ಲ, ಹುಡುಗ್ರು ಹುಡುಗೀರು ಓದ್ತಾ ಲ್ಯಾಬ್ ಮುಗಿಸ್ಕೊಂಡು ಬಂದು ಸಂಜೆ ಪ್ರಾಕ್ಟೀಸ್ ಮಾಡ್ತಾರೆ. ಈ ಸಣ್ಣ ಕಾಲೇಜುಗಳ ಆಟ ಇಷ್ಟು ವರ್ಷ ಉಳ್ಕೊಂಡಿದ್ರೆ ಅದಕ್ಕೆ ದೊಡ್ಡ ಕಾರಣ ರೀಜನಲ್ ಅನ್ನೋ ವ್ಯವಸ್ಥೆ. ದೇಶಾನ ಭಾಗ ಮಾಡು, ಪ್ರತಿ ಭಾಗದಿಂದ ಗೆದ್ದೋರನ್ನ ಕರೆಸು. ನನಗೆ ಇದು ಯಾಕೆ ಮನಸ್ಸಿಗೆ ಹತ್ರ ಅಂದ್ರೆ ನಾನೂ ಕಾಲೇಜ್ ಟೀಮಲ್ಲಿ ಆಡ್ದವನು, ಸೌತ್ ಝೋನ್ ಇಂಟರ್ ಯೂನಿವರ್ಸಿಟಿಗೆ ಅಂತ ಸೆಕೆಂಡ್ ಸ್ಲೀಪರಲ್ಲಿ ರಾತ್ರಿಯೆಲ್ಲಾ ಕೂತು ಹೋಗಿ, ಬೆಳಿಗ್ಗೆ ಇಳಿದು ಇಡ್ಲಿ ತಿಂದು ನೇರ ಕೋರ್ಟಿಗೆ ಇಳಿದವನು. ನಮ್ಮ ದಕ್ಷಿಣದಲ್ಲಿ ಈ ಆಟ ಬೇರು ಬಿಟ್ಟಿದ್ದೂ ಆ ಕಡೆ ನಂಟಿಂದಾನೇ. ನೈಸ್ಮಿತ್ 1891ರಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಆಟ ಶುರು ಮಾಡಿದ ಸ್ಪ್ರಿಂಗ್‌ಫೀಲ್ಡ್ ವೈಎಂಸಿಎ ಶಾಲೆ ಇದ್ಯಲ್ಲ, ಅಲ್ಲೇ ಕಲಿತ ಹ್ಯಾರಿ ಕ್ರೋ ಬಕ್ ಅನ್ನೋರು 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ಶುರು ಮಾಡಿದ್ರು.

ಸರಿ, ವಿಷಯಕ್ಕೆ ಬರ್ತೀನಿ. 1937, ಕಾನ್ಸಾಸ್ ಸಿಟಿ. ಮುನಿಸಿಪಲ್ ಆಡಿಟೋರಿಯಂ ಆಗಷ್ಟೇ ಹೊಸದಾಗಿ ಕಟ್ಟಿದ್ರು, ಆದ್ರೆ ಆ ಊರಲ್ಲಿ ನಡೀತಿದ್ದ ಎಎಯು ಅನ್ನೋ ಹವ್ಯಾಸಿ ಕ್ರೀಡಾ ಸಂಘದ ಟೂರ್ನಮೆಂಟ್ ಡೆನ್ವರಿಗೆ ಹೋಗ್ಬಿಟ್ಟಿತ್ತು. ಆಗ ಬೇಕರ್ ಯೂನಿವರ್ಸಿಟಿಯ ಎಮಿಲ್ ಲಿಸ್ಟನ್, ಸ್ವತಃ ನೈಸ್ಮಿತ್, ಮತ್ತೆ ಇನ್ನೂ ಕೆಲವರು ಸೇರ್ಕೊಂಡು ಬರೀ ಸಣ್ಣ ಕಾಲೇಜುಗಳಿಗೆ ಅಂತಾನೇ ಒಂದು ಟೂರ್ನಮೆಂಟ್ ಮಾಡಿದ್ರು, ಎನ್ಎಐಎ ಬೆಳೆದಿದ್ದು ಇದರಿಂದಾನೇ. ಮೊದಲ ವರ್ಷ 8 ಟೀಮ್. ಮರುವರ್ಷನೇ 32. ಇಲ್ಲಿ ಒಂದು ವಿಷಯ ಗಮನಿಸ್ಬೇಕು, ಡಿವಿಷನ್ ಒನ್ ಅಂತ ಈಗ ಕರಿಯೋ ಎನ್‌ಸಿಎಎ ಟೂರ್ನಮೆಂಟ್ ಶುರುವಾಗಿದ್ದು 1939ರಲ್ಲಿ, ಅಂದ್ರೆ ಸಣ್ಣೋರು ದೊಡ್ಡೋರಿಗಿಂತ ಎರಡು ವರ್ಷ ಮುಂಚೆ. ಆಮೇಲೆ ದೇಶಾನ 32 ಡಿಸ್ಟ್ರಿಕ್ಟ್ ಮಾಡಿದ್ರು, ಡಿಸ್ಟ್ರಿಕ್ಟಿಗೊಂದು ಟೀಮ್, ಎಲ್ರೂ ಒಂದೇ ಊರಿಗೆ ಒಂದೇ ವಾರ. ಚಾಂಪಿಯನ್ ಆಗ್ಬೇಕಂದ್ರೆ 6 ದಿನದಲ್ಲಿ 5 ಮ್ಯಾಚ್ ಗೆಲ್ಬೇಕು. ಕಾಲಿಗೆ ಐಸ್ ಇಟ್ಕೊಂಡು ಮಲಗಿ, ಎದ್ದು ಮತ್ತೆ ಅದೇ ಕೋರ್ಟು.

ಆದ್ರೆ ಆ ಬಾಗಿಲು ಎಲ್ರಿಗೂ ತೆಗ್ದಿರ್ಲಿಲ್ಲ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

1947ರಲ್ಲಿ ಇಂಡಿಯಾನಾ ಸ್ಟೇಟ್ ಟೀಮಿಗೆ ಕಾನ್ಸಾಸ್ ಸಿಟಿಯಿಂದ ಕರೆ ಬಂತು. ಟೀಮಲ್ಲಿ ಕ್ಲಾರೆನ್ಸ್ ವಾಕರ್ ಅಂತ ಒಬ್ಬ ಕಪ್ಪು ಹುಡುಗ ಇದ್ದ, ಸ್ಟಾರ್ ಏನಲ್ಲ, ಬೆಂಚಿಂದ ಇಳೀತಿದ್ದ ಆಟಗಾರ. ಟೂರ್ನಮೆಂಟ್ ನಿಯಮದಲ್ಲಿ ಕಪ್ಪು ಆಟಗಾರರಿಗೆ ಪ್ರವೇಶ ಇಲ್ಲ. ಕೋಚ್ ಏನ್ ಮಾಡ್ಬೋದಿತ್ತು? ಒಬ್ಬನ್ನ ಮನೇಲಿ ಬಿಟ್ಟು ಹೋಗ್ಬೋದಿತ್ತು, ಯಾರೂ ಕೇಳ್ತಿರ್ಲಿಲ್ಲ. ಆ ಕೋಚ್ ಹೋಗಲ್ಲ ಅಂದ್ರು, ಇಡೀ ಟೀಮಿಗೇ ಬೇಡ ಅಂದ್ರು. ಆ ಕೋಚ್ ಹೆಸರು ಜಾನ್ ವುಡನ್, ಮುಂದೆ ಯುಸಿಎಲ್ಎಗೆ ಹೋಗಿ 10 ಸಲ ನ್ಯಾಷನಲ್ ಚಾಂಪಿಯನ್ ಆದ್ರಲ್ಲ, ಅವ್ರೇ. ಮರುವರ್ಷ ಮತ್ತೆ ಕರೆ ಬಂತು, ಅಷ್ಟರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಕಾಲೇಜೂ ಈ ನಿಯಮ ಇದ್ರೆ ನಾವು ಬರಲ್ಲ ಅಂತ ಪಟ್ಟು ಹಿಡೀತು, ನಿಯಮ ಬಿತ್ತು. 1948ರಲ್ಲಿ ವಾಕರ್ ಆಡಿದ, ಆದ್ರೆ ಆ ಊರಲ್ಲಿ ರಾತ್ರಿ ಟೀಮ್ ಇದ್ದ ಹೋಟೆಲಲ್ಲಿ ಮಲಗೋ ಹಾಗಿರ್ಲಿಲ್ಲ, ಒಂದು ಕಪ್ಪು ಕುಟುಂಬದವರ ಮನೇಲಿ ಉಳ್ಕೊಂಡ. ಮ್ಯಾಚ್ ಮುಗಿದ ಮೇಲೆ ಉಳಿದೋರೆಲ್ಲ ಒಂದು ಕಡೆ ನಗ್ತಾ ಹೋಗೋದು, ಇವನೊಬ್ಬ ಇನ್ನೊಂದು ಕಡೆ ಹೋಗೋದು. ಆ ಟೀಮ್ ಫೈನಲ್ ತನಕ ಹೋಯ್ತು, ಲೂಯಿವಿಲ್ ಮೇಲೆ ಸೋತ್ರು. ನನಗೆ ಆ ಸೋಲಿಗಿಂತ ಆ ಒಂಟಿ ನಡಿಗೆನೇ ಜಾಸ್ತಿ ಕಾಡೋದು.

ಆಮೇಲೆ 1953. ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳನ್ನ ಸೇರಿಸ್ಕೊಂಡ ಮೊದಲ ರಾಷ್ಟ್ರೀಯ ಸಂಸ್ಥೆ ಎನ್ಎಐಎ, ಇದನ್ನ ಒಪ್ಕೊಳ್ಳೇಬೇಕು. ಆದ್ರೆ ಹೇಗೆ ಸೇರಿಸಿದ್ರು? ಡಿಸ್ಟ್ರಿಕ್ಟ್ 29 ಅಂತ ಒಂದು ಡಿಸ್ಟ್ರಿಕ್ಟ್ ಮಾಡಿ ಆ ಕಾಲೇಜುಗಳನ್ನೆಲ್ಲ ಅದರೊಳಗೆ ಹಾಕಿದ್ರು. ಉಳಿದ ಡಿಸ್ಟ್ರಿಕ್ಟ್ ಮ್ಯಾಪ್ ನೋಡಿ ಎಳೆದ ಗೆರೆ, ಇದು ಮೈಬಣ್ಣ ನೋಡಿ ಎಳೆದ ಗೆರೆ. ಪಕ್ಕದ ಬೀದಿ ಬಿಳಿ ಕಾಲೇಜು ಒಂದು ಡಿಸ್ಟ್ರಿಕ್ಟಲ್ಲಿ, ನೀವು ಇನ್ನೊಂದರಲ್ಲಿ. ನಾನು ರೀಜನಲ್ ಬೇಕು ಬೇಕು ಅಂತ ವಾದ ಮಾಡೋನು, ಆದ್ರೆ ಗೆರೆ ಎಳೆಯೋ ಪೆನ್ನು ಯಾರ ಕೈಲಿದೆ ಅನ್ನೋದನ್ನ ಮರೆತು ವಾದ ಮಾಡಿದ್ರೆ ಅದು ಪ್ರಾಮಾಣಿಕ ಅಲ್ಲ. ಅದಕ್ಕೇ ಇದನ್ನ ಹೇಳ್ದೆ.

ಆ ಇಕ್ಕಟ್ಟಿನ ಬಾಗಿಲಲ್ಲೇ ಜಾನ್ ಮೆಕ್‌ಲೆಂಡನ್ ನುಗ್ಗಿ ಬಂದ್ರು. ಇವ್ರು ಕಾನ್ಸಾಸ್ ಯೂನಿವರ್ಸಿಟಿಲಿ ನೈಸ್ಮಿತ್ ಹತ್ರನೇ ಪಾಠ ಕಲಿತೋರು, ಆದ್ರೆ ಅದೇ ಯೂನಿವರ್ಸಿಟಿ ಟೀಮಲ್ಲಿ ಕಪ್ಪು ಹುಡುಗ ಅನ್ನೋ ಕಾರಣಕ್ಕೆ ಆಡಕ್ಕೆ ಬಿಡ್ಲಿಲ್ಲ. ಟೆನೆಸಿ ಎ ಅಂಡ್ ಐ ಅನ್ನೋ ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ ಕೋಚ್ ಆದ ಮೇಲೆ ಕಾನ್ಸಾಸ್ ಸಿಟಿಗೆ ಬರ್ಬೇಕಂದ್ರೆ ನಮ್ಮ ಹುಡುಗ್ರೂ ಉಳಿದ ಟೀಮ್ ತರಾನೇ ಊರ ನಡುವಿನ ಹೋಟೆಲಲ್ಲೇ ಇರ್ಬೇಕು, ಇಲ್ಲಾಂದ್ರೆ ಬರಲ್ಲ ಅಂದ್ರು, ಸಾಧಿಸಿದ್ರು. 1948ರಲ್ಲಿ ವಾಕರ್‌ಗೆ ಸಿಗದೇ ಇದ್ದ ರೂಮ್ ಕೀ ಇವರ ಹುಡುಗರ ಕೈಗೆ ಬಂತು. ಆಮೇಲೆ 1957, 58, 59, ಮೂರೂ ವರ್ಷ ಟೆನೆಸಿ ಎ ಅಂಡ್ ಐ ಚಾಂಪಿಯನ್. ಸಾಲಾಗಿ ಮೂರು!

ಅದೇ 1957ರಲ್ಲಿ ಎನ್‌ಸಿಎಎ ಕೂಡ ಸಣ್ಣ ಕಾಲೇಜುಗಳಿಗೆ ಕಾಲೇಜ್ ಡಿವಿಷನ್ ಅಂತ ಬೇರೆ ಟೂರ್ನಮೆಂಟ್ ಶುರು ಮಾಡ್ತು, 32 ಟೀಮ್, 8 ರೀಜನಲ್, ಗೆದ್ದ 8 ಟೀಮ್ ಇಂಡಿಯಾನಾದ ಇವಾನ್ಸ್‌ವಿಲ್ಲಿಗೆ. ಮೊದಲ ಸಲ ಗೆದ್ದಿದ್ದು ವೀಟನ್ ಕಾಲೇಜು. 1976ರ ತನಕ ಫೈನಲ್ ಇವಾನ್ಸ್‌ವಿಲ್ಲಿನ ರಾಬರ್ಟ್ಸ್ ಸ್ಟೇಡಿಯಮ್ಮಲ್ಲೇ. ಆ ಊರಿಗೆ ಇದು ಊರ ಜಾತ್ರೆ ಇದ್ದ ಹಾಗೆ, ಸ್ವಂತ ಊರ ಟೀಮೂ ಸುಮ್ನೆ ಕೂರ್ಲಿಲ್ಲ, ಅರಾಡ್ ಮೆಕಚನ್ ಕೋಚಿಂಗಲ್ಲಿ 5 ಸಲ ಗೆದ್ರು, 1965ರಲ್ಲಿ ಜೆರ್ರಿ ಸ್ಲೋನ್ ಇದ್ದಾಗ 29 ಮ್ಯಾಚಲ್ಲಿ 29 ಗೆದ್ರು. 1967ರಲ್ಲಿ ಇಲ್ಲೇ ವಿನ್‌ಸ್ಟನ್ ಸೇಲಂ ಸ್ಟೇಟ್ ಗೆದ್ದಿದ್ದು, ಆ ಸೀಸನಲ್ಲಿ ಅರ್ಲ್ ಮನ್ರೋ ಮ್ಯಾಚಿಗೆ ಸರಾಸರಿ 41.5 ಪಾಯಿಂಟ್ ಹೊಡೆದಿದ್ದ. ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಟೈಟಲ್ ಗೆದ್ದ ಮೊದಲ ಕಪ್ಪು ಕಾಲೇಜು ಅದು. 1973ರಲ್ಲಿ ಡಿವಿಷನ್ ಒನ್, ಟೂ, ತ್ರೀ ಅಂತ ಒಡೆದ್ರು, ಡಿವಿಷನ್ ತ್ರೀ ಮೊದಲ ಟೂರ್ನಮೆಂಟ್ 1975ರಲ್ಲಿ.

ಈಗ ನನ್ನ ತಕರಾರು. ಡಿವಿಷನ್ ಟೂನಲ್ಲಿ ಈಗ 64 ಟೀಮ್, 8 ರೀಜನ್, ಒಂದೊಂದು ರೀಜನ್ನಿಂದ ಒಬ್ರೇ ಕೊನೇ 8 ಟೀಮಿನ ಸುತ್ತಾದ ಎಲೈಟ್ ಎಯ್ಟ್‌ಗೆ. ಇದಕ್ಕೆ ಕೆಲವರು ಬೈತಾರೆ, ಒಂದು ರೀಜನಲ್ಲಿ ಮೂರು ಬಲವಾದ ಟೀಮ್ ಒಬ್ರನ್ನೊಬ್ರು ಹೊಡ್ಕೊಂಡು ಸಾಯ್ತಾರೆ, ಇನ್ನೊಂದು ಕಡೆ ಸುಮಾರಾದ ಟೀಮ್ ಸಲೀಸಾಗಿ ಬರುತ್ತೆ, ಆದ್ರಿಂದ ರೀಜನ್ ಕಿತ್ತಾಕಿ ದೇಶಕ್ಕೆಲ್ಲ ಒಂದೇ ರ‍್ಯಾಂಕಿಂಗ್ ಮಾಡಿ ಅಂತ. ನಾನು ಒಪ್ಪಲ್ಲ. ಬೇರೆ ಬೇರೆ ಭಾಗದ ಟೀಮುಗಳು ವರ್ಷವಿಡೀ ಒಬ್ರ ಮೇಲೊಬ್ರು ಆಡೋದೇ ಅಪರೂಪ, ಆಡದೇ ಇರೋರನ್ನ ಪೇಪರ್ ಮೇಲೆ ಹೇಗೆ ತೂಗ್ತೀರಾ? ಹಾಗೆ ತೂಗಕ್ಕೆ ಹೋದಾಗೆಲ್ಲ ಹೆಸರು ಇರೋರ ಕಡೆಗೇ ತಕ್ಕಡಿ ವಾಲೋದು. ರೀಜನ್ ಇದ್ರೆ ಆ ಮೂಲೆ ಊರಿನ ಕಾಲೇಜಿಗೂ ಗೆದ್ರೆ ಹೋಗೇ ಹೋಗ್ತೀನಿ ಅನ್ನೋ ಧೈರ್ಯ ಇರುತ್ತೆ.

ಆದ್ರೆ ಡಿವಿಷನ್ ತ್ರೀನಲ್ಲಿ ನಡೀತಿರೋದು ಬೇರೆ, ಅದು ನನಗೆ ನಿಜವಾಗ್ಲೂ ಬೇಜಾರು. ಅಲ್ಲಿ ಬಹಳ ವರ್ಷ 500 ಮೈಲಿ ಅನ್ನೋದೇ ಲೆಕ್ಕ, ಅಂದ್ರೆ ನಮ್ಮ 800 ಕಿಲೋಮೀಟರ್, ಅದರೊಳಗೆ ಇದ್ರೆ ಬಸ್, ಮೀರಿದ್ರೆ ಮಾತ್ರ ಫ್ಲೈಟ್. ಫ್ಲೈಟ್ ಖರ್ಚು ಉಳಿಸ್ಬೇಕು ಅಂತ ಬ್ರ್ಯಾಕೆಟ್‌ನೇ (ಯಾರ ಮೇಲೆ ಯಾರು ಅನ್ನೋ ಪಟ್ಟಿನೇ) ಬಸ್ ಓಡೋ ದೂರ ನೋಡ್ಕೊಂಡು ಹೆಣೀತಾರೆ. ಟೆಕ್ಸಾಸ್ ಟೀಮುಗಳಿಗೆ ಸುತ್ತಮುತ್ತ ಯಾರೂ ಇಲ್ಲ, ಹಾಗಾಗಿ ಎಷ್ಟೋ ಸಲ ವರ್ಷವೆಲ್ಲ ಒಬ್ರ ಮೇಲೊಬ್ರು ಆಡಿದ ಟೆಕ್ಸಾಸ್ ಟೀಮುಗಳೇ ನ್ಯಾಷನಲ್ ಟೂರ್ನಮೆಂಟಿನ ಮೊದಲ ರೌಂಡಲ್ಲೂ ಮತ್ತೆ ಎದುರುಬದುರು. ಒಬ್ಬ ಹುಡುಗ ನಾಲ್ಕು ವರ್ಷ ಬೆವರು ಸುರಿಸಿ ಕೊನೆಗೂ ನ್ಯಾಷನಲ್ ಟೂರ್ನಮೆಂಟಿಗೆ ಬಂದ್ರೆ ಎದುರಿಗೆ ನಿಂತಿರೋನು ಹೋದ ತಿಂಗಳು ಆಡಿದ ಅದೇ ಹುಡುಗ, ಅವನ ಎಡಗೈ ಡ್ರಿಬಲ್ ಹೇಗೆ ಅಂತನೂ ಇವನಿಗೆ ಬಾಯಿಪಾಠ. ಯಾರು ಬರ್ಬೇಕು ಅನ್ನೋದನ್ನ ರೀಜನ್ ಹೇಳ್ಲಿ, ಅದು ನ್ಯಾಯ. ಬಂದ ಮೇಲೆ ಯಾರ ಮೇಲೆ ಯಾರು ಅನ್ನೋದನ್ನ ಬಸ್ ಚಾರ್ಜ್ ಹೇಳ್ಬಾರ್ದು. ದುಡ್ಡಿಲ್ಲ ಅನ್ನೋದು ಉತ್ತರ ಅಲ್ಲ. ಎನ್‌ಸಿಎಎಗೆ ದುಡ್ಡು ಹರಿದು ಬರೋದು ಆ ಡಿವಿಷನ್ ಒನ್ ಮಾರ್ಚ್ ಟೂರ್ನಮೆಂಟಿಂದ, ಎನ್‌ಸಿಎಎ ಆದಾಯದಲ್ಲಿ ಡಿವಿಷನ್ ಟೂಗೆ 4.37 ಪರ್ಸೆಂಟ್, ಡಿವಿಷನ್ ತ್ರೀಗೆ 3.18 ಪರ್ಸೆಂಟ್ ಅಂತ ಬರೆದಿಟ್ಟಿದ್ದಾರೆ. 400ಕ್ಕೂ ಹೆಚ್ಚು ಕಾಲೇಜು, ಎಲ್ಲಾ ಆಟಗಳ ಚಾಂಪಿಯನ್‌ಶಿಪ್ ಸೇರಿ, 3.18! ಇನ್ನರ್ಧ ಪರ್ಸೆಂಟ್ ಜಾಸ್ತಿ ಕೊಟ್ರೆ ಎಷ್ಟೋ ಟೀಮಿಗೆ ಫ್ಲೈಟ್ ಟಿಕೆಟ್ ಬರುತ್ತೆ.

ಈಗ ಆ 70-38ಕ್ಕೆ ಬರೋಣ. ಇಮ್ಯಾಕ್ಯುಲೇಟಾ ಅನ್ನೋದು ನನ್‌ಗಳು ನಡೆಸ್ತಿದ್ದ ಚಿಕ್ಕ ಹೆಣ್ಮಕ್ಕಳ ಕಾಲೇಜು. 1967ರಲ್ಲಿ ಅವರ ಜಿಮ್ ಸುಟ್ಟು ಹೋಗಿತ್ತು, ಸ್ವಂತ ಕೋರ್ಟ್ ಇಲ್ಲ, ಕಾನ್ವೆಂಟಿನ ಬೇಸ್‌ಮೆಂಟಲ್ಲಿ ಪ್ರಾಕ್ಟೀಸ್. ಯೂನಿಫಾರ್ಮ್ ಅಂದ್ರೆ ಉಣ್ಣೆ ಲಂಗದ ತರದ್ದು, ಬೆವರು ಕುಡಿದು ಭಾರ ಆಗೋದು. ಕೋಚ್ ಕ್ಯಾಥಿ ರಶ್‌ಗೆ ವರ್ಷಕ್ಕೆ ಸಂಬಳ 450 ಡಾಲರ್. ಮ್ಯಾಚ್ ಇದ್ರೆ ನನ್‌ಗಳು ಬಂದು ಕೂತು ಕಬ್ಬಿಣದ ಬಕೆಟ್ ಬಡಿದು ಕೂಗೋರು. ಆಗ ಹೆಣ್ಮಕ್ಕಳ ಆಟ ನಡೆಸ್ತಿದ್ದಿದ್ದು ಎನ್‌ಸಿಎಎ ಅಲ್ಲ, ಎಐಎಡಬ್ಲ್ಯು ಅನ್ನೋ ಸಂಸ್ಥೆ, ಅವರ ಮೊದಲ ನ್ಯಾಷನಲ್ ಟೂರ್ನಮೆಂಟ್ ಅದು, ರೀಜನಲ್‌ಗಳಿಂದ ಬಂದ 16 ಟೀಮ್. ಒಳ್ಳೇ ವಿಷಯ ಏನಂದ್ರೆ ಇಮ್ಯಾಕ್ಯುಲೇಟಾ ಆಡಿದ ರೀಜನಲ್‌ನಲ್ಲಿ ಗೆದ್ದೋರ ಜೊತೆ ಎರಡನೇ ಸ್ಥಾನದೋರಿಗೂ ಜಾಗ ಇತ್ತು. 32 ಪಾಯಿಂಟಲ್ಲಿ ಸೋತೋರಿಗೂ ಜಾಗ ಸಿಕ್ತು, 16ರಲ್ಲಿ 15ನೇ ಸೀಡು.

ಆದ್ರೆ ಟೂರ್ನಮೆಂಟ್ ಇರೋದು ಇಲಿನಾಯ್ ರಾಜ್ಯದ ನಾರ್ಮಲ್ ಅನ್ನೋ ಊರಲ್ಲಿ, ಹೋಗಕ್ಕೆ ದುಡ್ಡೆಲ್ಲಿ? ಹುಡುಗೀರು ಟೂತ್‌ಬ್ರಷ್ ಮಾರಿದ್ರು. ಹೌದು, ಟೂತ್‌ಬ್ರಷ್ ಮಾರಿ ದುಡ್ಡು ಸೇರಿಸಿದ್ರು. ಎಷ್ಟು ಸೇರಿಸಿದ್ರೂ ಅದು 8 ಜನಕ್ಕೆ ಮಾತ್ರ ಆಯ್ತು, ಟೀಮಲ್ಲಿದ್ದಿದ್ದು 11 ಜನ. ಮೂರು ಹುಡುಗೀರು ಮನೇಲೇ ಉಳ್ಕೊಂಡ್ರು, ಉಳಿದ 8 ಜನ ಸ್ಟ್ಯಾಂಡ್‌ಬೈ ಟಿಕೆಟಲ್ಲಿ ಹೋದ್ರು, ಸೀಟ್ ಖಾಲಿ ಇದ್ರೆ ಹತ್ಕೋ, ಇಲ್ಲಾಂದ್ರೆ ಕಾಯಿ ಅನ್ನೋ ಟಿಕೆಟ್ಟು.

ಒಂದೊಂದೇ ಮ್ಯಾಚ್ ಗೆದ್ಕೊಂಡು ಫೈನಲ್‌ಗೆ ಬಂದ್ರು. ಎದುರಿಗೆ ಯಾರು ಅಂದ್ರೆ ವೆಸ್ಟ್ ಚೆಸ್ಟರ್. ಮನೆ ಪಕ್ಕದ ಅದೇ ಕಾಲೇಜು, ಅದೇ ಹುಡುಗೀರು, ಕೆಲವೇ ದಿನದ ಹಿಂದೆ ಇವರನ್ನ 32 ಪಾಯಿಂಟಲ್ಲಿ ಹೊಡೆದೋರು. ಈ ಸಲ ಇಬ್ರೂ ಎದುರಾಗಿದ್ದು ಬಸ್ ಚಾರ್ಜ್ ಉಳಿಸಕ್ಕೆ ಅಂತ ಅಲ್ಲ, ಇಬ್ರೂ ದೇಶದ ಉಳಿದೋರನ್ನೆಲ್ಲ ಸೋಲಿಸಿ ಬಂದಿದ್ರು.

52-48, ಇಮ್ಯಾಕ್ಯುಲೇಟಾ.